ಬೇಸಿಗೆಯಲ್ಲಿ ಸ್ವೆಟರ್ ತೊಟ್ಟ ಮಕ್ಕಳ ಕಳ್ಳರು

“ನಾಕು ಅಕ್ಷರ ಕಲ್ತೀನಂತ ನಮಗ ಬುದ್ಧಿ ಹೇಳಾಕ ಬಂದೀಯೇನಬೇ? ಹೋಗು, ಟಿವಿಯಾಗ ಪೌಡರ್ ಹಚ್ಕೊಂಡು ಮಾತಾಡು. ಇಲ್ಲಿ ಗಂಡಸರು ಅದಾರ!”

ಹೊಡೆಯಬೇಡಿ ಎಂದದ್ದಕ್ಕೆ ಬಂಡೆಪ್ಪ ಮೇಸ್ತ್ರಿ ಇಡೀ ಬಸ್ತಿಯ ಮುಂದೆ ನನ್ನ ತಂಗಿ ರೇಣುಕಾಗೆ ಹೀಗೆ ಅಂದ. ಜನ ನಕ್ಕರು. ನನ್ನ ಮೈ ಉರಿಯಿತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸಿಮೆಂಟ್ ಕಲಸಲು ನಿಂತವನು. ಅವಳು ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ.

ಗದ್ದಲ ಕೇಳಿ ನಾವಿಬ್ಬರೂ ಓಡಿ ಬಂದಾಗ, ತೆಲುಗು ಸೀಮೆಯ ನಾಚಾರಂನ ನಮ್ಮ ಕೂಲಿಕಾರರ ಬಸ್ತಿಯ ಕರೆಂಟ್ ಕಂಬಕ್ಕೆ ಒಬ್ಬ ಮುದುಕನನ್ನು ಕಟ್ಟಿದ್ದರು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವನು ಮಾಡಿದ್ದು ಇಷ್ಟೇ, ಬಂಡೆಪ್ಪನ ಮಗಳು ಪಿಂಕಿಗೆ ಒಂದು ಬಿಸ್ಕತ್ತು ಕೊಟ್ಟಿದ್ದ. ಹಿಂದಿನ ದಿನದಿಂದ ಎಲ್ಲರ ಫೋನಿನಲ್ಲೂ ಒಂದು ವಿಡಿಯೋ ಓಡಾಡುತ್ತಿತ್ತು. ಅದರಲ್ಲಿ ಒಂದು ದನಿ ಹೇಳುತ್ತಿತ್ತು: “ನಾಚಾರಂನಲ್ಲಿ ಮಕ್ಕಳ ಕಳ್ಳರು ಸಿಕ್ಕಿದ್ದಾರೆ. ಇನ್ನೂ ಹಲವರು ತಿರುಗುತ್ತಿದ್ದಾರೆ. ಎಲ್ಲರಿಗೂ ಕಳಿಸಿ.”

ಮುದುಕನನ್ನು ತೆಲುಗಿನಲ್ಲಿ ಕೇಳಿದರು. ಹಿಂದಿಯಲ್ಲಿ ಕೇಳಿದರು. ಅವನು ಕಣ್ಣು ಕಣ್ಣು ಬಿಟ್ಟ. ಬಾಯಿ ತೆರೆದಾಗಲೆಲ್ಲ ಯಾರೋ ಒಬ್ಬ ಕೆನ್ನೆಗೆ ಬಾರಿಸುತ್ತಿದ್ದ. ಬಂಡೆಪ್ಪನ ಕೈಯಲ್ಲಿ ಸ್ಲ್ಯಾಬಿಗೆ ಊರುವ ಸೆಂಟ್ರಿಂಗ್ ಕಟ್ಟಿಗೆ ಇತ್ತು. ಅದು ತಲೆಗೆ ಬಿದ್ದಿದ್ದರೆ ಆ ಜೀವ ಅಲ್ಲೇ ಮುಗಿಯುತ್ತಿತ್ತು.

ಆ ಬೈಗುಳಕ್ಕೆ ಬಗ್ಗದೆ ರೇಣುಕಾ ಕಂಬಕ್ಕೆ ಅಡ್ಡ ನಿಂತಳು. “ಅಣ್ಣಾ, ಪೊಲೀಸರ ನೂರಕ್ಕ ಫೋನ್ ಹಚ್ಚು,” ಎಂದಳು. ಹಚ್ಚಿದೆ.

“ಬಂಡೆಪ್ಪ ಕಾಕಾ, ಹೊಡಿಯೂಕಿಂತ ಮೊದ್ಲು ಆ ವಿಡಿಯೋ ಹಚ್ಚು. ಎಲ್ಲಾರೂ ನೋಡೂಣು.”

“ನೋಡೇವಿ! ನಮ್ಮ ಗ್ರೂಪಿನ್ಯಾಗ ಬಂದೈತಿ. ನಮ್ಮವರು ಸುಳ್ಳು ಕಳಸ್ತಾರೇನು?”

“ನಿನಗ ಯಾರು ಕಳಿಸಿದ್ರು?”

“ಕಾಶಿನಾಥ.”

“ಕಾಶಿನಾಥಗ?”

ಕಾಶಿನಾಥ ಅಲ್ಲೇ ಇದ್ದ. ತಲೆ ಕೆರೆದುಕೊಂಡ. “ಯಾರೋ ಕಳಿಸಿದ್ರವ್ವಾ. ನಾ ಪೂರಾ ನೋಡಿಲ್ಲ.”

ಬಂಡೆಪ್ಪ ಸಿಟ್ಟಿನಿಂದಲೇ ವಿಡಿಯೋ ಹಚ್ಚಿದ. ರೇಣುಕಾ ಬೆರಳಿಟ್ಟು ನಿಲ್ಲಿಸಿದಳು.

“ಈ ವಿಡಿಯೋದಾಗಿನ ಮಂದಿ ಮೈಮ್ಯಾಲ ಏನೈತಿ?”

“ಸ್ವೆಟರ್.”

“ಈ ಬೆಂಕಿ ಬಿಸಲಾಗ ನಾಚಾರಂದಾಗ ಯಾರು ಸ್ವೆಟರ್ ಹಾಕ್ಕೊಂತಾರ ಕಾಕಾ? ಹಿಂದಿನ ಅಂಗಡಿ ಬೋರ್ಡ್ ನೋಡು, ತೆಲುಗು ಐತೇನು? ಇದು ಎಲ್ಲಿದೋ, ಎಂದಿಂದೋ. ಮ್ಯಾಲೆ ಧ್ವನಿ ಕೂಡಿಸ್ಯಾರ.”

ಕಟ್ಟಿಗೆ ಕೆಳಗಿಳಿಯಿತು. ಬಂಡೆಪ್ಪನ ಹೆಂಡತಿ ಉಮಾಬಾಯಿ ಪಿಂಕಿಯನ್ನು ಅವಚಿಕೊಂಡು ಅಳುತ್ತಿದ್ದಳು. “ಹಂಗಾರ ನನ್ನ ಹೆದರಿಕಿ ಸುಳ್ಳೇನ, ರೇಣುಕಾ?”

“ನಿನ್ನ ಹೆದರಿಕಿ ಖರೇನ ಐತಿ ಕಾಕೂ. ಅದನ್ನ ಎಬ್ಬಿಸಿದ್ದು ಸುಳ್ಳು. ಕಾಲೇಜಿಗೆ ಹೋಗೂತನಾ ನಾನೂ ಹೊಸಬ್ರು ಕಂಡ್ರ ಬಾಗಲಾ ಹಾಕತಿದ್ದೆ. ಅಲ್ಲಿ ಇಂಥಾ ವಿಡಿಯೋ ತುಂಡು ತುಂಡು ಮಾಡಿ ನೋಡಿದ್ವಿ. ನಾವು ಹೆದರಿದಷ್ಟೂ ನೋಡ್ತೀವಿ, ನೋಡಿದಷ್ಟೂ ಅದನ್ನ ಬಿಟ್ಟವ್ರ ಗಲ್ಲಾ ತುಂಬತೈತಿ. ಈಗ ಪೂರಾ ನೋಡದೆ ಮುಂದ ಕಳಸೋರನ್ನ ಕಂಡ್ರ ನನಗ ಭಾಳ ಹೆದರಿಕಿ.”

ಆಮೇಲೆ ಕಂಬದ ಕಡೆ ತಿರುಗಿದಳು. “ಮುತ್ಯಾ, ಯಾವೂರು?”

ಮುದುಕ ತಲೆ ಎತ್ತಿದ. “ಶಹಾಪುರ ಕಡೀಂದ ಬಂದೀನವ್ವಾ. ಮಗಳು ಹಂಪಮ್ಮನ ಮನಿ ಹುಡುಕಾಕತ್ತಿದ್ದೆ.”

ಈ ಬಸ್ತಿಯಲ್ಲಿ ಮುಕ್ಕಾಲು ಪಾಲು ಜನ ಕನ್ನಡದವರು. ಬಂಡೆಪ್ಪನ ಊರೂ ಶಹಾಪುರದ ಪಕ್ಕದ್ದೇ. ಹೊಸಬರು ಎದುರಾದರೆ ತೆಲುಗು, ಇಲ್ಲವೇ ಹಿಂದಿ ಎಂದು ನಾಲಿಗೆ ತಿರುಗಿಸಿಕೊಂಡಿದ್ದಾರೆ. ಕೊಲ್ಲಲು ನಿಂತ ಅಷ್ಟು ಜನರಲ್ಲಿ ಒಬ್ಬನಿಗೂ ಅವನನ್ನು ಕನ್ನಡದಲ್ಲಿ ಕೇಳಬೇಕೆಂದು ಹೊಳೆಯಲಿಲ್ಲ. ಥೂ!

ಬಂಡೆಪ್ಪ ಹಗ್ಗ ಬಿಚ್ಚಿದ. ಉಮಾಬಾಯಿ ಗಂಡನ ಫೋನ್ ಕಸಿದುಕೊಂಡು, ಗ್ರೂಪಿಗೆ ಧ್ವನಿ ಸಂದೇಶದಲ್ಲಿ ಕೂಗಿ ಹೇಳಿದಳು: “ಆ ವಿಡಿಯೋ ಸುಳ್ಳೈತಿ, ಯಾರೂ ಕಳಸಬ್ಯಾಡ್ರಿ!” ಪೊಲೀಸರು ಬಂದು ಹೊಡೆದವರ ಹೆಸರು ಬರೆದುಕೊಂಡರು. ಸುದ್ದಿ ತಿಳಿದು ಹಂಪಮ್ಮ ಹಿಂದಿನ ಗಲ್ಲಿಯಿಂದ ಬರಿಗಾಲಲ್ಲಿ ಓಡಿ ಬಂದಳು.

ಓದುತ್ತಿರುವ ಅಣ್ಣ, ಅಕ್ಕ, ಇಂಥದ್ದು ನಿಮ್ಮ ಫೋನಿಗೂ ಬರುತ್ತದೆ. ಪೂರ್ತಿ ನೋಡಿ. ಎಲ್ಲಿಯದು, ಯಾವಾಗಿನದು, ಮೊದಲು ಯಾರು ಕಳಿಸಿದರು ಎಂದು ಕೇಳಿ. ಗೊತ್ತಾಗದಿದ್ದರೆ ಮುಂದೆ ಕಳಿಸಬೇಡಿ. ಅನುಮಾನ ಬಂದರೆ ನೂರಕ್ಕೆ ಫೋನ್ ಮಾಡಿ, ಯಾರ ಮೇಲೂ ಕೈ ಮಾಡಬೇಡಿ. ಹೊಡೆದ ಮೇಲೆ ತಪ್ಪಾಯಿತು ಎಂದರೆ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ.

ಬಂಡೆಪ್ಪ ಎಲ್ಲರೆದುರು ಮುದುಕನ ಕಾಲು ಹಿಡಿದ. “ತಪ್ಪಾತು ಮುತ್ಯಾ. ಮನಿಗೆ ಬಾ, ಒಂದು ತುತ್ತು ಉಂಡು ಹೋಗು. ಬೈದರ ಬೈ, ಒಂದು ಮಾತರೆ ಆಡು.”

ಮುದುಕ ನೆಲದ ಮೇಲಿದ್ದ ರುಮಾಲು ಎತ್ತಿ, ಝಾಡಿಸಿ, ತಲೆಗೆ ಸುತ್ತಿಕೊಂಡ. ಮಗಳ ಹೆಗಲು ಹಿಡಿದು, ಯಾರ ಮುಖವನ್ನೂ ನೋಡದೆ ನಡೆದುಹೋದ.