ತಾಟಿನ ನೇಮ

ಆ ಮನೆಯಲ್ಲಿ ಗಂಡಸರು ಉಂಡ ಮೇಲೆ ತಾಟಿನಲ್ಲೇ ಕೈ ತೊಳೆಯುತ್ತಿದ್ದರು. ನಲ್ಲಿ ಹತ್ತು ಹೆಜ್ಜೆ ದೂರವಿತ್ತು. ಆದರೂ ಚೊಂಬಿನ ನೀರು ತಾಟಿಗೆ ಬೀಳಬೇಕು, ಉಳಿದ ಬೇಳೆ, ರೊಟ್ಟಿಯ ಚೂರು, ಮೆಣಸಿನಕಾಯಿ ತೊಟ್ಟು ಅದರಲ್ಲಿ ತೇಲಬೇಕು, ಆಮೇಲೆ ತಾಟನ್ನು ಒಂದು ಗೇಣು ಮುಂದಕ್ಕೆ ನೂಕಿ ಎದ್ದುಹೋಗಬೇಕು. ಮಾವ ಅಣವೀರಪ್ಪ, ಗಂಡ ಯಶವಂತ, ಮೈದುನ ವಿವೇಕಾನಂದ, ಮೂವರದೂ ಒಂದೇ ಪದ್ಧತಿ. ಆ ನೀರು ಚೆಲ್ಲದ ಹಾಗೆ ತಾಟು ಎತ್ತಿಕೊಂಡು ಬಚ್ಚಲಿಗೆ ನಡೆಯುವುದನ್ನು ಭುವನೇಶ್ವರಿ ಹನ್ನೊಂದು ವರ್ಷಗಳಲ್ಲಿ ಚೆನ್ನಾಗಿ ಕಲಿತಿದ್ದಳು.

ಅತ್ತೆ ಶಾರದಾಬಾಯಿಗೆ ಮೊಳಕಾಲು ನೋವು. ಅವರ ತಾಟನ್ನು ಭುವನೇಶ್ವರಿ ಎಂದೂ ಎಣಿಸಿದವಳಲ್ಲ. ಕೆಲಸಕ್ಕೆ ಹೆಂಗಸನ್ನು ಇಡೋಣವೆಂದರೆ ಮಾತ್ರ ಆ ಮೊಳಕಾಲೂ ನೆಟ್ಟಗಾಗಿ ನಿಲ್ಲುತ್ತಿತ್ತು. "ಕಂಡಕಂಡವರ ಕೈಯಾಗ ನಮ್ಮ ಭಾಂಡೆ ಕೊಡೂದೇನು? ನಾ ಸತ್ತ ಮ್ಯಾಲ ಇಟ್ಕೊ."

ಭುವನೇಶ್ವರಿ ಕಮಲಾಪುರದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ. ಕಲಬುರಗಿ ಬಸ್ ನಿಲ್ದಾಣದಿಂದ ಎಂಟೂಕಾಲಿನ ಬಸ್ಸು ಹಿಡಿದರೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದಳು. ರಾತ್ರಿ ಟಿವಿ ಮುಂದೆ ಕೂತು ಉಂಡವರ ಮುಸುರೆ ಬೆಳಿಗ್ಗೆ ಒಣಗಿ ಕಲ್ಲಾಗಿರುತ್ತಿತ್ತು. ಅದನ್ನು ತಿಕ್ಕಿ, ನಾಷ್ಟಾ ಮಾಡಿ, ಅದರದೂ ತಿಕ್ಕಿ ಓಡುವಷ್ಟರಲ್ಲಿ ಆ ವರ್ಷ ಮೂರು ಸಲ ಬಸ್ಸು ತಪ್ಪಿತ್ತು. ಮುಖ್ಯ ಶಿಕ್ಷಕಿ ಅಂಬಿಕಾ ಕರೆದು ಹೇಳಿದ್ದರು: "ನೋಡ್ರಿ, ನಾಕನೇ ಸಲ ಆಯ್ತಂದ್ರ ನೋಟಿಸ್ ಕೊಡಲಾರದ ನನಗೂ ದಾರಿ ಇಲ್ಲ. ಸೇವಾ ಪುಸ್ತಕದಾಗ ಬೀಳ್ತದ." ಭುವನೇಶ್ವರಿಯ ಹತ್ತು ವರ್ಷದ ಸೇವಾ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ತನ್ನದು ಎಂದು ಹೇಳಿಕೊಳ್ಳಲು ಅವಳಲ್ಲಿ ಇದ್ದದ್ದು ಅದೊಂದೇ.

ಒಂದು ದಿನ ಮಧ್ಯಾಹ್ನ ಬಿಸಿಯೂಟ ಮುಗಿದು ಒಂದನೆಯ ತರಗತಿಯ ಮಕ್ಕಳು ನಲ್ಲಿಯ ಮುಂದೆ ಸಾಲು ನಿಂತು ತಮ್ಮ ತಮ್ಮ ತಾಟು ತೊಳೆಯುವುದನ್ನು ಅವಳು ನೋಡುತ್ತ ನಿಂತಳು. ದಿನವೂ ಕಾಣುತ್ತಿದ್ದದ್ದೇ. ಅಂದು ಮನೆಯ ಮೂರು ತಾಟು ನೆನಪಾದವು.

ಶನಿವಾರ ರಾತ್ರಿ ಊಟದ ಹೊತ್ತಿಗೆ ಹೇಳಿಯೇಬಿಟ್ಟಳು. "ನಾಳಿಂದ ಯಾರ ತಾಟು ಅವರೇ ತೊಳೀಬೇಕು. ಅತ್ತೀದು ನಾ ತೊಳೀತೀನಿ. ಉಳಿದವರು ಬಿಟ್ಟು ಎದ್ರ, ಮರುದಿನ ಅದೇ ತಾಟಿಗೆ ಬಡಿಸ್ತೀನಿ."

"ವೈನಿ, ಪರೀಕ್ಷಾ ಒಂದು ಮುಗೀಲಿ," ಅಂದ ವಿವೇಕಾನಂದ, "ತಾಟಷ್ಟೇ ಅಲ್ಲ, ಬೋಗಾಣಿನೂ ತಿಕ್ತೀನಿ."

"ಯಾವ ಪರೀಕ್ಷಾ? ನಾಕು ವರ್ಷದಿಂದ ಬರೀಲಾಕತ್ತೀದಿ, ಅದೇನು?" ಅಂದಳು.

ಯಶವಂತ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಆಯ್ತು ತಗೋ," ಅಂದ. ಅವನು ಎಲ್ಲದಕ್ಕೂ ಆಯ್ತು ಅನ್ನುತ್ತಿದ್ದ. ಹಾಗಾಗಿಯೇ ಆ ಮನೆಯಲ್ಲಿ ಏನೂ ಆಗುತ್ತಿರಲಿಲ್ಲ.

ಅಣವೀರಪ್ಪ ಚೊಂಬು ಕೆಳಗಿಟ್ಟರು. "ಮೂವತ್ತೆರಡು ವರ್ಷ ಕಚೇರ್ಯಾಗ ಸಹಿ ಹಾಕಿದ ಕೈ ಇದು, ಯವ್ವಾ. ಇದಕ್ಕ ನಾರು ಹಿಡಿಸ್ತೀಯೇನು?"

"ಉಂಡದ್ದೂ ಅದೇ ಕೈಯಾಗ ಅಲ್ರಿ, ಮಾವಾರ."

ಮರುದಿನ ಭಾನುವಾರ. ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಕಮಲಾಪುರದಿಂದ ದತ್ತಪ್ಪ ಬಂದ. ಅಣವೀರಪ್ಪನವರಿಗೆ ಚಿಕ್ಕಪ್ಪನ ಮಗ, ಅಲ್ಲಿಯ ಮಠದ ಕಾರ್ಯಕ್ರಮಗಳನ್ನೆಲ್ಲ ಮೈಮೇಲೆ ಹಾಕಿಕೊಂಡು ತಿರುಗುವವನು. ಅಣ್ಣ ತಮ್ಮ ಇಬ್ಬರೂ ಎದುರುಬದುರು ಕೂತು ಉಂಡರು. ಉಂಡಾದ ಮೇಲೆ ಅಣವೀರಪ್ಪ ಅಭ್ಯಾಸದಂತೆ ತಾಟಿನ ಮೇಲೆ ಕೈ ಹಿಡಿದು ಚೊಂಬು ಬಗ್ಗಿಸಿದರು. ಅಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ಸೊಸೆ ಕಂಡಳು. ಕೈಕಟ್ಟಿ ನಿಂತಿದ್ದಳು. ಎತ್ತಲು ಬರುವ ಲಕ್ಷಣ ಇರಲಿಲ್ಲ.

ತಮ್ಮನ ಮುಂದೆ ತಾಟು ಹಿಡಿದು ಬಚ್ಚಲಿಗೆ ಹೋಗುವುದೆಂದರೆ ಸತ್ತಂತೆ. ಬಿಟ್ಟು ಎದ್ದರೆ ಸೊಸೆ ಅವನೆದುರೇ ನಾಲ್ಕು ಮಾತು ಆಡಿಯೇ ತೀರುವಳು. ಅಣವೀರಪ್ಪ ಒಂದು ಗಳಿಗೆ ತಾಟನ್ನೇ ನೋಡಿದರು. ಆಮೇಲೆ ಬೆರಳಿನಿಂದ ತಾಟಿನ ಅಂಚನ್ನೆಲ್ಲ ಸವರಿ, ನೀರು ಕಲಕಿ, ತಾಟನ್ನು ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿದುಬಿಟ್ಟರು.

ದತ್ತಪ್ಪನ ಕಣ್ಣು ತುಂಬಿದವು. "ಅಣ್ಣಾ! ಈ ನೇಮ ಯಾವಾಗ ಹಿಡದಿ? ತಾಟು ತೊಳದು ಕುಡಿಯೋರು ನಮ್ಮ ಮುತ್ಯಾನ ಕಾಲಕ್ಕ ಮುಗೀತು ಅಂದಿದ್ದೆ."

"ಏನೋಪಾ, ಮನಸ್ಸಿಗೆ ಬಂತು," ಅಂದರು ಅಣವೀರಪ್ಪ. ಸಂಜೆ ಹೊತ್ತಿಗೆ ಅವರೂ ಅದನ್ನು ನಂಬಿದ್ದರು.

ಭುವನೇಶ್ವರಿಗೆ ಆ ನೇಮ ಗೊತ್ತಿತ್ತು. ಅವಳ ಅಜ್ಜಿ ಸಾಯುವವರೆಗೂ ಹಾಗೆಯೇ ಉಂಡವಳು. ಪ್ರಸಾದದ ಒಂದಗಳೂ ನೆಲಕ್ಕೆ ಬೀಳಬಾರದೆಂದು ತಾಟು ತೊಳೆದು ಕುಡಿಯುತ್ತಿದ್ದಳು. ಆಮೇಲೆ ಅದೇ ತಾಟನ್ನು ತಾನೇ ಬೂದಿ ಹಚ್ಚಿ ಬೆಳಗಿ ಬೋರಲು ಹಾಕುತ್ತಿದ್ದಳು. ಮಾವನ ನೇಮ ಕುಡಿಯುವಲ್ಲಿಗೆ ಮುಗಿಯಿತು. ತಾಟು ಇದ್ದಲ್ಲೇ ಇತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. "ಅವರ ತಾಟು ಮುಸುರಿ ಜೋಡಿ ಹಾಕಬ್ಯಾಡ," ಅಂದರು ಶಾರದಾಬಾಯಿ. "ನೇಮದ ತಾಟು. ಬ್ಯಾರೆ ನೀರಾಗ ಬ್ಯಾರೆ ತೊಳಿ." ವಿವೇಕಾನಂದ ಮಾರನೆಯ ದಿನ ತಾನೂ ತಾಟಿಗೆ ನೀರು ಹಾಕಿಕೊಂಡು ಒಂದು ಗುಟುಕು ಕುಡಿದು, "ನಂದೂ ಅಪ್ಪನ ನೇಮ, ವೈನಿ. ಈಗ ನೀ ಏನೂ ಅನ್ನಂಗಿಲ್ಲ," ಅಂತ ಎದ್ದುಹೋದ. ಯಶವಂತ ಎರಡು ದಿನ ತೊಳೆದ. ಮೂರನೆಯ ದಿನ, "ಅಪ್ಪ, ವಿವೇಕ ಇಬ್ರೂ ಕುಂತಲ್ಲೇ ಕುಂತಿರ್ತಾರ, ನಾ ಒಬ್ಬನೇ ಭಾಂಡೆ ತಿಕ್ಕೋನೇನು?" ಅಂದ. ಅದೇ ತಾಟಿಗೆ ಬಡಿಸುತ್ತೇನೆ ಅಂದಿದ್ದಳಲ್ಲ, ನೇಮದ ತಾಟಿಗೆ ಆ ಮಾತು ನಡೆಯಲಿಲ್ಲ.

ಸುದ್ದಿ ಕಮಲಾಪುರ ಮುಟ್ಟಿತು, ತಾಜಸುಲ್ತಾನಪುರ ಮುಟ್ಟಿತು. ನೆಂಟರು ನೋಡಲು ಬಂದರು. ಬಂದವರು ಉಂಡರು. ಉಂಡವರು ತಾಟಿನಲ್ಲೇ ಕೈ ತೊಳೆದು, "ನಮಗೆಲ್ಲಿ ಆಗ್ತದ್ರಿ ಅಂಥ ನೇಮ," ಅಂತ ತಾಟು ಮುಂದಕ್ಕೆ ನೂಕಿದರು.

ತಿಂಗಳಾದ ಮೇಲೆ ಒಂದು ಸೋಮವಾರ ಕಮಲಾಪುರದ ಮಠದಲ್ಲಿ ಅಣವೀರಪ್ಪನವರಿಗೆ ಸನ್ಮಾನ ಇಟ್ಟುಕೊಂಡರು. ಹಿಂದಿನ ರಾತ್ರಿ ತಾಜಸುಲ್ತಾನಪುರದ ಎಂಟು ಜನ ನೆಂಟರು ಬಂದು ಉಂಡು ಮಲಗಿದರು. ಬೆಳಿಗ್ಗೆ ನಾಷ್ಟಾಕ್ಕೆ ಮನೆಯಲ್ಲಿ ಒಂದು ತೊಳೆದ ತಾಟೂ ಇರಲಿಲ್ಲ. ಭುವನೇಶ್ವರಿ ಒದ್ದೆ ಸೆರಗಿನಲ್ಲೇ ನಿಲ್ದಾಣಕ್ಕೆ ಓಡಿದಾಗ ಎಂಟೂಕಾಲಿನ ಬಸ್ಸು ಹೋಗಿತ್ತು. ಮಾವ, ನೆಂಟರು ಬಾಡಿಗೆ ಜೀಪಿನಲ್ಲಿ ಹೊರಟಿದ್ದರು. ಅದರಲ್ಲಿ ಜಾಗ ಇರಲಿಲ್ಲ.

ಅಂಬಿಕಾ ಗಡಿಯಾರ ನೋಡಿದರು. ನೋಟಿಸು ಕೊಟ್ಟರು. ತಡವಾದುದಕ್ಕೆ ಮೂರು ದಿನದೊಳಗೆ ಲಿಖಿತ ಕಾರಣ ಕೊಡಬೇಕು.

ಅದನ್ನು ಚೀಲದಲ್ಲಿಟ್ಟುಕೊಂಡೇ ಅವಳು ಮಧ್ಯಾಹ್ನದ ಬಿಡುವಿನಲ್ಲಿ ಮಠಕ್ಕೆ ಹೋದಳು. ಸೊಸೆ ಕಾಣಲಿಲ್ಲವೆಂದರೆ ಮನೆಯಲ್ಲಿ ಆರು ತಿಂಗಳ ಮಾತು. ಶಾಲು, ಹಾರ, ಭಾಷಣ ಎಲ್ಲ ಮುಗಿದು ಊಟದ ಪಂಗತಿ ಕೂತಿತ್ತು. ಅಣವೀರಪ್ಪ ಉಂಡರು, ನೀರು ಹಾಕಿದರು, ಕಲಕಿದರು. ಹತ್ತಾರು ಮೊಬೈಲುಗಳು ಮೇಲೆದ್ದವು. ಕುಡಿದರು. ಜನ "ಹರ ಹರ" ಅಂದರು.

ಕೈ ಇನ್ನೂ ಅಂಟಾಗಿತ್ತು. ಅಣವೀರಪ್ಪ ಯೋಚಿಸಲಿಲ್ಲ. ಅರವತ್ತು ವರ್ಷದ ಅಭ್ಯಾಸ. ಅದೇ ತಾಟಿನ ಮೇಲೆ ಕೈ ಹಿಡಿದು ಚೊಂಬು ಬಗ್ಗಿಸಿ ತೊಳೆದುಕೊಂಡರು. ತಾಟನ್ನು ಒಂದು ಗೇಣು ಮುಂದಕ್ಕೆ ನೂಕಿದರು. "ಭುವನಾ, ಎತ್ತು."

ಅವಳು ಅಲುಗಲಿಲ್ಲ. "ಅದ್ರಾಗೂ ಅಗಳು ಅದಾವ್ರಿ, ಮಾವಾರ. ನೇಮ ಅರ್ಧಕ್ಕ ಬಿಡಬ್ಯಾಡ್ರಿ. ಕುಡೀರಿ."

ದತ್ತಪ್ಪ ಬಗ್ಗಿ ತಾಟು ನೋಡಿದ. ನಿಜವಾಗಿಯೂ ನಾಲ್ಕು ಅಗಳು ತೇಲುತ್ತಿದ್ದವು. "ಖರೇ ಅದ ಅಣ್ಣಾ," ಅಂದ, ಭಕ್ತಿಯಿಂದಲೇ. "ಸೊಸಿ ಭಾಳ ತಿಳಿದಾಕಿ."

ಅಣವೀರಪ್ಪ ಸೊಸೆಯ ಮೇಲಿನ ಕಣ್ಣು ಕೀಳದೆ ಕೈ ತೊಳೆದ ನೀರನ್ನು ಅಷ್ಟೂ ಕುಡಿದರು. ಜನ ಈ ಸಲ ಇನ್ನೂ ಜೋರಾಗಿ "ಹರ ಹರ" ಅಂದರು.

ಬಸ್ಸಿನಲ್ಲಿ ಮನೆಗೆ ಬರುವಾಗ ಭುವನೇಶ್ವರಿಗೆ ಎರಡು ಸಲ ನಗು ಬಂತು. ಸಂಜೆ ಅಡುಗೆಮನೆಗೆ ಕಾಲಿಟ್ಟಾಗ ಬೆಳಗಿನ ನಾಷ್ಟಾದ ತಾಟುಗಳು ಬಿಟ್ಟಲ್ಲೇ ಇದ್ದವು, ನೊಣ ಕೂತಿದ್ದವು. ಶಾರದಾಬಾಯಿ ಗೋಡೆ ಹಿಡಿದುಕೊಂಡು ಬಂದರು. ಕೈಯಲ್ಲಿ ಟ್ರಂಕಿನಿಂದ ತೆಗೆದ ಹೊಸ ಸ್ಟೀಲಿನ ತಾಟು ಇತ್ತು.

"ನಾಳಿಂದ ಅವರಿಗಿ ಎರಡು ತಾಟು ಇಡಬೇಕಂತ. ಒಂದು ಉಂಡು ಕುಡಿಯಾಕ, ಒಂದು ಕೈ ತೊಳಿಯಾಕ. ಎರಡೂ ಬ್ಯಾರೆ ಬ್ಯಾರೆ ತೊಳಿ. ಎರಡನೇದು ನೀನೇ ಹಚ್ಚಿಕೊಟ್ಟಿ ತಗೋ."

ಅವಳು ತಾಟು ತೆಗೆದುಕೊಂಡು ಬಚ್ಚಲಕಟ್ಟೆಯ ಮೇಲಿಟ್ಟಳು. ಆಮೇಲೆ ಒಲೆಯ ಪಕ್ಕ ನಿಂತೇ ನೋಟಿಸು ತೆಗೆದು, ಒಂದು ಹಾಳೆಯ ಮೇಲೆ ಬರೆದಳು: ನಮ್ಮ ಮನೆಯಲ್ಲಿ ಮೂವರು ಗಟ್ಟಿಮುಟ್ಟಾದ ಗಂಡಸರಿದ್ದು, ಒಬ್ಬರಿಗೂ ತಾವು ಉಂಡ ತಾಟು ತೊಳೆಯಲು ಬಾರದ ಕಾರಣ. ಅಲ್ಲಿಗೆ ನಿಲ್ಲಿಸಿ ಓದಿದಳು. ಒಂದಕ್ಷರವೂ ಸುಳ್ಳಿರಲಿಲ್ಲ. ಇಲಾಖೆಯಲ್ಲಿ ಇದನ್ನು ಓದುವ ಸಾಹೇಬನೂ ಯಾವುದೋ ಮನೆಯಲ್ಲಿ ತಾಟಿನಲ್ಲೇ ಕೈ ತೊಳೆದು ಬಂದವನು.

ಹಾಳೆ ಹರಿದು ಒಲೆಗೆ ಹಾಕಿ, ಬೇರೆ ಹಾಳೆಯ ಮೇಲೆ "ಬಸ್ಸು ತಪ್ಪಿತು" ಎಂದು ಬರೆದು ಸಹಿ ಮಾಡಿದಳು. ಒಳಗಿನಿಂದ ಯಶವಂತ ಕೂಗಿದ, "ಏ ಭುವನಾ, ಅಪ್ಪನ ವಿಡಿಯೋ ನೋಡಿದೇನು? ಸಾವಿರ ಜನ ನೋಡ್ಯಾರ!"

"ತಾಟು ಯಾರು ತೊಳದಾರ?" ಅಂದಳು.

"ಏನಂದಿ?"

ಅವಳು ನಲ್ಲಿ ಬಿಟ್ಟಳು.