ಹನ್ನೆರಡನೆಯ ಯಂತ್ರ

ಡಾಕ್ಟರ್ ಪಲ್ಮಾರೆಸ್ ಎಂಥ ಮನುಷ್ಯ ಅಂದರೆ, ದೀಪದ ಸ್ವಿಚ್ಚು ಹಾಕುವುದಕ್ಕೂ ಅವನಿಗೊಂದು ಉದ್ಘಾಟನೆ ಬೇಕು. ಇಲೊಯ್ಲೊ ಊರಿನ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷದಿಂದ ದುಡಿಯುತ್ತಿದ್ದ ನೊರ್ಮಿತಾಗೆ ಅದರ ಮುಖ್ಯಸ್ಥನಾದ ಈ ಮಹಾಶಯನ ಬಡಾಯಿ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಈ ವರ್ಷದ ಬಡಾಯಿ ಏನಪ್ಪಾ ಅಂದರೆ, ಇನ್ನು ಉಪಕರಣಗಳನ್ನು ಯಾರೂ ಮುಟ್ಟಬೇಕಿಲ್ಲ. ಎಲ್ಲವನ್ನೂ ದಪ್ಪ ಕೇಬಲ್ಲಿನಿಂದ ಒಂದಕ್ಕೊಂದು ಪೋಣಿಸಿ ಕಂಪ್ಯೂಟರಿಗೆ ಸಿಕ್ಕಿಸುವುದು, ಒಂದೊಂದಕ್ಕೂ ಒಂದು ನಂಬರು ಕೊಡುವುದು. ಕಂಪ್ಯೂಟರು ನಂಬರು ಹಿಡಿದು ಕರೆದರೆ ಆ ಯಂತ್ರ ಓಗೊಡುತ್ತದೆ.

ಅದೇನೋ ನಿಜವೇ. ಆದರೆ ಕೇಬಲ್ಲು ಎಳೆದು, ಯಂತ್ರಗಳ ಬೆನ್ನಿನ ಪುಟಾಣಿ ಸ್ವಿಚ್ಚುಗಳಲ್ಲಿ ನಂಬರು ಕೂರಿಸಿದವಳು ನೊರ್ಮಿತಾ. ಡಾಕ್ಟರ್ ಸಾಹೇಬ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದ, ಅಷ್ಟೇ.

ತೊಡಕು ಇದ್ದದ್ದು ಒಂದೇ. ವೋಲ್ಟೇಜು ಕೊಡುವ ಪೆಟ್ಟಿಗೆ ಓಬೀರಾಯನ ಕಾಲದ್ದು. ಅದಕ್ಕೆ ಕೇಬಲ್ಲು ಸಿಕ್ಕಿಸುವ ಜಾಗವೇ ಇಲ್ಲ. ಕೈಯಲ್ಲಿ ತಿರುಗಿಸುವ ಒಂದು ಗುಂಡಿ, ಒಂದು ಮುಳ್ಳು. ದುಡ್ಡು ಕೊಡುವ ಮನಿಲಾದ ಇಲಾಖೆಗೆ ಕಳಿಸಿದ ವರದಿಯಲ್ಲಿ ಮಾತ್ರ ಎಲ್ಲವೂ ಕಂಪ್ಯೂಟರಿನ ಹಿಡಿತದಲ್ಲಿದೆ ಎಂದು ಆ ಪುಣ್ಯಾತ್ಮ ಬರೆದುಬಿಟ್ಟಿದ್ದ. ನೋಡಿಕೊಂಡು ಹೋಗಲು ಮನಿಲಾದವರು ಇವತ್ತೇ ಬರುವವರಿದ್ದರು.

"ಮನಾಂಗ್," ಎಂದು ಬೆಳಿಗ್ಗೆ ಹಲ್ಲು ಗಿಂಜಿದ. ಕೆಲಸ ಬಿದ್ದಾಗ ಮಾತ್ರ ಅವಳು ಅವನಿಗೆ ಮನಾಂಗ್, ಅಕ್ಕ; ಮಿಕ್ಕ ದಿನ ಬರೀ "ಏಯ್". "ನೀವು ಈ ಯಂತ್ರಗಳ ಸ್ಟ್ಯಾಂಡಿನ ಹಿಂದೆ, ಯಾರಿಗೂ ಕಾಣದ ಹಾಗೆ, ಸ್ಟೂಲ್ ಹಾಕ್ಕೊಂಡು ಕೂತ್ಬಿಡಿ. ಪೆಟ್ಟಿಗೆ ಮುಖ ನಿಮ್ಮ ಕಡೆ ತಿರುಗಿಸಿದೀನಿ. ಕಂಪ್ಯೂಟರ್ ಬೀಪ್ ಅಂದಾಗೆಲ್ಲ ಗುಂಡಿ ಒಂದು ವೋಲ್ಟ್ ಮೇಲಕ್ಕೆ."

"ಅಂದ್ರೆ ನಾನೇ ಯಂತ್ರ."

"ಹ್ಹೆ ಹ್ಹೆ! ಮೂರು, ಐದು, ಒಂಬತ್ತು ಅವಕ್ಕೆ ಕೊಟ್ಟಾಯ್ತು. ನೀವು ಹನ್ನೆರಡು. ಕೆಮ್ಮಬೇಡಿ ಮಾತ್ರ."

"ನನ್ನ ಕಾಗದ, ಸರ್?"

"ಇವರು ಹೋದ ತಕ್ಷಣ ಸಹಿ. ದೇವರಾಣೆ."

ಆ ಕಾಗದಕ್ಕಾಗಿಯೇ ಅವಳು ಇಷ್ಟೆಲ್ಲ ಸಹಿಸಿಕೊಂಡಿದ್ದು. ಹದಿನಾಲ್ಕು ವರ್ಷ ಆರಾರು ತಿಂಗಳ ಗುತ್ತಿಗೆಯಲ್ಲೇ ದೂಡಿದ್ದಾಗಿತ್ತು. ಈಗ ಕೊನೆಗೂ ಮನಿಲಾದಿಂದ ಒಂದು ಖಾಯಂ ಹುದ್ದೆ ಬಂದಿತ್ತು. ಇವನ ಸಹಿ ಬಿದ್ದರೆ ಅದು ಅವಳದು, ಬೀಳದಿದ್ದರೆ ಜೂನ್‌ನಲ್ಲಿ ಮನೆ.

ಮನಿಲಾದಿಂದ ಮೂವರು ಬಂದರು. ಅವರಲ್ಲಿ ದೊಡ್ಡ ಅಧಿಕಾರಿ ಅಬ್ರೆನಿಕಾ ಮೇಡಮ್, ಬೀಸಣಿಗೆ ಬೀಸುತ್ತಾ ಕಂಪ್ಯೂಟರಿನ ಮುಂದೆ ಕೂತಳು. ಬೀಪ್ ಅಂತು. ನೊರ್ಮಿತಾ ಗುಂಡಿ ತಿರುಗಿಸಿದಳು, ಕಪ್ಪು ತೆರೆಯ ಮೇಲೆ ಹಸಿರು ಗೆರೆ ಒಂದು ಮೆಟ್ಟಿಲು ಏರಿತು. ಎರಡು. ಮೂರು. ನಾಲ್ಕು.

"ನೋಡಿ ಮೇಡಮ್, ಮನುಷ್ಯರ ಕೈ ಸೋಕೋದೇ ಇಲ್ಲ," ಎಂದು ಡಾಕ್ಟರ್ ಶುರುಹಚ್ಚಿಕೊಂಡ. "ಮನುಷ್ಯರ ಕೈ ನಡುಗುತ್ತೆ. ಮನುಷ್ಯರು ತಿಂಡಿಗೆ ಅಂತ ಎದ್ದು ಹೋಗ್ತಾರೆ."

"ಹಾಗಾದ್ರೆ ನಾವು ಕೊಟ್ಟ ಟೆಕ್ನಿಷಿಯನ್ ಹುದ್ದೆ?"

"ವಾಪಸ್ ಕೊಡ್ತಿದೀನಿ ಮೇಡಮ್! ಪತ್ರಕ್ಕೆ ನಿನ್ನೇನೇ ಸಹಿ ಹಾಕಿಟ್ಟಿದೀನಿ. ಜೂನಿಂದ ಈ ಕೋಣೆಗೆ ಮನುಷ್ಯರೇ ಬೇಡ."

ನೊರ್ಮಿತಾಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ನಿನ್ನೆ ಸಹಿ ಹಾಕಿ, ಇವತ್ತು ಬೆಳಿಗ್ಗೆ ದೇವರಾಣೆ! ಥೂ, ಇವನ ಜನ್ಮಕ್ಕಿಷ್ಟು. ಅವಳ ಕೈಯಿಂದಲೇ ಗುಂಡಿ ತಿರುಗಿಸಿಕೊಂಡು ಅವಳ ಅನ್ನಕ್ಕೇ ಕಲ್ಲು ಹಾಕುತ್ತಿದ್ದನಲ್ಲ!

ಮತ್ತೆ ಬೀಪ್ ಅಂತು. ಅವಳು ಗುಂಡಿಯಿಂದ ಕೈ ತೆಗೆದಳು. ಚೀಲದಿಂದ ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಸಿಹಿ ಕಡುಬು ತೆಗೆದು, ಎಲೆ ಬಿಚ್ಚಿ, ನಿಧಾನವಾಗಿ ತಿನ್ನತೊಡಗಿದಳು.

ಹಸಿರು ಗೆರೆ ನಾಲ್ಕರಲ್ಲೇ ಮಲಗಿತ್ತು.

"ಕೇಬಲ್ ಸಡಿಲ ಆಗಿರ್ಬೇಕು," ಎಂದು ಡಾಕ್ಟರ್ ಕೀಲಿಗಳನ್ನು ಕುಟ್ಟಿದ. ಬೀಪ್. ಬೀಪ್. ಕೇಬಲ್ಲನ್ನು ಅಲ್ಲಾಡಿಸಿದ. ಯಾವ ಕೇಬಲ್ಲು ಯಾವುದಕ್ಕೆ ಅಂತ ಗೊತ್ತಿದ್ದರೆ ತಾನೇ? ಹಣೆಯಲ್ಲಿ ಬೆವರು ಕಿತ್ತು ಬಂತು. ಸ್ಟ್ಯಾಂಡಿನ ಹತ್ತಿರ ಬಗ್ಗಿ, "ಹನ್ನೆರಡು," ಎಂದು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ. ಹನ್ನೆರಡು ಓಗೊಡಲಿಲ್ಲ. ತಡೆಯಲಾರದೆ ಕೂಗಿಯೇಬಿಟ್ಟ: "ಮನಾಂಗ್! ಐದು ವೋಲ್ಟ್!"

ಬೀಸಣಿಗೆ ನಿಂತಿತು.

"ಯಾರನ್ನ ಕರೀತಿದೀರಿ, ಡಾಕ್ಟರ್?"

"ಅದು... ಯಂತ್ರದ ಹೆಸರು, ಮೇಡಮ್."

"ಯಂತ್ರಕ್ಕೆ ಅಕ್ಕಾ ಅಂತೀರಾ?"

ಮೇಡಮ್ ಎದ್ದು ಸ್ಟ್ಯಾಂಡಿನ ಹಿಂದಕ್ಕೆ ಬಂದಳು. ನೊರ್ಮಿತಾ ಅಂಟು ಬೆರಳುಗಳನ್ನು ಬಾಳೆಲೆಗೆ ಒರೆಸಿಕೊಂಡು ಎದ್ದು ನಿಂತಳು.

"ನೀವು ಯಾರಮ್ಮಾ?"

"ಹನ್ನೆರಡನೇ ಯಂತ್ರ, ಮೇಡಮ್. ಹದಿನಾಲ್ಕು ವರ್ಷದಿಂದ ನಡೀತಿದೀನಿ, ಇನ್ನೂ ಖಾಯಂ ಆಗಿಲ್ಲ. ಈಗ ತಿಂಡಿಗೆ ಅಂತ ನಿಂತೆ."

ಮೇಡಮ್ ಗುಂಡಿ ನೋಡಿದಳು, ಮುಳ್ಳು ನೋಡಿದಳು, ಕೊನೆಗೆ ಡಾಕ್ಟರನ ಮುಖ ನೋಡಿದಳು. ಅದು ಇಂಗು ತಿಂದ ಮಂಗನ ಮುಖವಾಗಿತ್ತು.

"ಈ ವರದಿ ವಿಚಾರ ಮನಿಲಾದಲ್ಲಿ ಮಾತಾಡೋಣ," ಎಂದಳು. "ನಿನ್ನೆ ಸಹಿ ಹಾಕಿದ ಆ ಪತ್ರ ಹರಿದು ಹಾಕಿ. ಈಯಮ್ಮನ ಕಾಗದ ಎಲ್ಲಿ? ತನ್ನಿ. ನೀವು ಸಹಿ ಹಾಕೋವರೆಗೂ ನಾನು ಇಲ್ಲೇ ನಿಂತಿರ್ತೀನಿ."

ಕಾಗದ ಬಂತು. ಡಾಕ್ಟರ್ ಪಲ್ಮಾರೆಸ್ ಪೆನ್ನು ಹಿಡಿದ. ಮೊದಲ ಅಕ್ಷರವೇ ಗೆರೆ ಬಿಟ್ಟು ಸೊಟ್ಟಗೆ ಓಡಿತು.

ನೊರ್ಮಿತಾ ಹತ್ತಿರ ಬಂದು ಕಾಗದದ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. "ನಿಧಾನ, ಸರ್," ಎಂದಳು. "ಕೈ ನಡುಗ್ತಿದೆ."