ಮಿತಿ ಬೇಡ ಅನ್ನುವವರು

ಹನ್ನೆರಡು ವರ್ಷದ ಹಿಂದೆ ತಮ್ಮ ವರ್ಲಿನ್ ಮೊದಲ ಸಲ ಶಾಸಕನಾಗಿ ಗೆದ್ದ ಖುಷಿಯಲ್ಲಿ ಆರ್ಲಿಸ್ ಒಂದು ಮಾತು ಕೊಟ್ಟಿದ್ದಳು: ರಾಜ್ಯದ ರಾಜಧಾನಿ ಪಿಯರ್‌ನಲ್ಲಿ ತನ್ನ ಮನೆ ಇರುವವರೆಗೂ ಅಲ್ಲಿ ಅವನಿಗೊಂದು ಹಾಸಿಗೆ ಇದ್ದೇ ಇರುತ್ತದೆ. ಅವನು ಬರಲಿಲ್ಲ. ಅಧಿವೇಶನದ ಚಳಿಗಾಲವನ್ನೆಲ್ಲ ಸರ್ಕಾರದ ಖರ್ಚಿನಲ್ಲಿ ಮೋಟೆಲಿನಲ್ಲೇ ಕಳೆದ. ಅವನಿಗೆಂದು ಮನೆಯಲ್ಲಿ ಬಿಟ್ಟಿದ್ದ ಕೋಣೆಯಲ್ಲಿ ಆರ್ಲಿಸ್ ಕೌದಿ ಹೊಲಿಯುವ ಚೌಕಟ್ಟು ಹೂಡಿಕೊಂಡು ನೆಮ್ಮದಿಯಾಗಿದ್ದಳು.

ಈ ವರ್ಷ ಶಾಸಕರು ತಮ್ಮ ವಸತಿ ಖರ್ಚಿಗಿದ್ದ ಮಿತಿಯನ್ನೇ ಕಿತ್ತುಹಾಕುವ ಕಾನೂನು ಮಾಡಿಕೊಂಡರು. ಆರ್ಲಿಸ್‌ಗೆ ಮೈ ಉರಿಯಿತು. ಮನೆಮನೆ ಅಲೆದು ಸಹಿ ಹಾಕಿಸುವವರ ಜೊತೆ ಸೇರಿ ಅದನ್ನು ಜನಮತಗಣನೆಗೆ ಎಳೆದು ತಂದಳು. ತೊಡಕಿದ್ದುದು ಮತಪತ್ರದಲ್ಲಿ. ಅದು ಕೇಳುತ್ತಿದ್ದದ್ದು ಹೊಸ ಕಾನೂನು ಬೇಕೇ ಎಂದು. ಅಂದರೆ ಮಿತಿ ಬೇಕೆನ್ನುವವರು 'ಬೇಡ' ಎನ್ನಬೇಕು. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಕೂಡುವ ಹೆಂಗಸರಿಗೆ ಇದನ್ನು ಹೇಳಿ ಹೇಳಿ ಅವಳ ನಾಲಿಗೆ ಸವೆಯಿತು.

ಮತದಾನ ಹತ್ತಿರವಾದಾಗ ವರ್ಲಿನ್ ಬಂದ. ಪ್ಲಮ್ ಹಣ್ಣಿನ ಕೂಖನ್ ಕೇಕಿನ ಎರಡು ತುಂಡು ಮುಗಿಸಿ ಬಾಯಿ ಒರೆಸಿಕೊಂಡ.

"ಮೋಟೆಲಿನೋರು ಬಾಡಿಗೆ ಏರಿಸ್ಬಿಟ್ಟಿದ್ದಾರೆ. ಮಿತಿ ಉಳೀತು ಅಂದ್ರೆ ಅದು ನನ್ ಕೈಗೆಟುಕಲ್ಲ ಅಕ್ಕಾ. ನಿನ್ ಮನೇಲೇ ಠಿಕಾಣಿ. ಮಾತು ಕೊಟ್ಟಿದ್ದೀಯಲ್ಲ."

ಅವಳಿಗೆ ಅವನ ಗೊರಕೆ ನೆನಪಾಯಿತು. ನಸುಕಿಗೇ ಎದ್ದು ರೇಡಿಯೊದಲ್ಲಿ ದನದ ಧಾರಣೆ ಕೇಳುವ ಚಾಳಿ ನೆನಪಾಯಿತು. ಕೌದಿಯೋ ಅರ್ಧಕ್ಕೆ ನಿಂತಿತ್ತು.

ಮತ ಹಾಕಲು ಹೋಗುವಾಗ ಕಾರಿನಲ್ಲಿ ಪಕ್ಕದ ಮನೆಯ ಡೋರೀನ್, ಹೌದು ಅನ್ನಬೇಕೋ ಬೇಡ ಅನ್ನಬೇಕೋ ಮರೆತೇಹೋಯಿತಲ್ಲೇ ಎಂದಳು.

"ಬೇಡ ಅನ್ನು," ಅಂದಳು ಆರ್ಲಿಸ್.

ಇನ್ನೊಬ್ಬರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಆದರೆ ಮತ ಹಾಕುವ ಮರೆಯಲ್ಲಿ ಒಬ್ಬಳೇ ನಿಂತಾಗ ಅವಳ ಪೆನ್ನು 'ಹೌದು' ಎಂಬುದರ ಮುಂದಿನ ಸೊನ್ನೆಯನ್ನು ತುಂಬಿಬಿಟ್ಟಿತು.

'ಬೇಡ' ಗೆದ್ದಿತು. ಅತಿ ಹೆಚ್ಚು 'ಬೇಡ' ಬಿದ್ದದ್ದು ವರ್ಲಿನ್‌ನ ಕೌಂಟಿಯಲ್ಲೇ. ಜನವರಿಯಲ್ಲಿ ಪೆಟ್ಟಿಗೆ, ದಿಂಬು ಹಿಡಿದು ಬಂದವನನ್ನು, ನಿನ್ನ ಜನವೇ ನಿನಗೆ ಕೈಕೊಟ್ಟರಲ್ಲೋ ಎಂದು ಕೆಣಕಿದಳು. ಅವನು ಬೂಟಿನ ಹಿಮ ಕೊಡವಿದ.

"ನಾನೇ ಊರೂರು ತಿರುಗಿ ಹೇಳ್ದೆ ಅಕ್ಕಾ, ಮಿತಿ ಬೇಡ, 'ಬೇಡ'ಕ್ಕೇ ಗುರುತು ಹಾಕಿ ಅಂತ. ನಾನೂ ಅಲ್ಲೇ ಹಾಕ್ದೆ."

"ಆ ಕಾನೂನು ಬರೆದೋನು ನೀನೇ ಅಲ್ವೇನೋ?"

"ಬರೆದೆ. ಮತಪತ್ರಾನ ಯಾರು ಓದ್ತಾರೆ?"

ತಾನು ಎಲ್ಲಿ ಗುರುತು ಹಾಕಿದೆ ಎಂಬುದನ್ನು ಆರ್ಲಿಸ್ ಹೇಳಲಿಲ್ಲ. ಚೌಕಟ್ಟನ್ನು ಅಡುಗೆಮನೆಗೆ ಎಳೆದಳು, ಹಾಸಿಗೆ ಹಾಸಿದಳು. ಕೊಟ್ಟ ಮಾತು ಉಳಿಯಿತು.